ಡೈರಿಯ ನಲವತ್ಮೂರನೇ ನಂಬರು

ಹೊಸದಾಗಿ ಆಸ್ಪತ್ರೆ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಹೆಚ್ಚು ಸುಳ್ಳು ಹೇಳುವವರು ರೋಗಿಗಳಲ್ಲ, ರಿಜಿಸ್ಟರುಗಳು. ರೋಗಿ ಸುಳ್ಳು ಹೇಳಿದರೆ ಮುಖ ನೋಡಿ ಹಿಡಿಯಬಹುದು. ರಿಜಿಸ್ಟರಿಗೆ ಮುಖವೇ ಇಲ್ಲ.

ನಾನು ನಿಂಗಮ್ಮ. ಮಾಗಡಿ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಯಾ ಆಗಿದ್ದವಳು. ಯಾವ ಕೇಂದ್ರ ಎಂದು ಬರೆಯುವುದಿಲ್ಲ. ಅಲ್ಲಿದ್ದವರಲ್ಲಿ ಕೆಲವರು ಇನ್ನೂ ಬದುಕಿದ್ದಾರೆ, ಅವರ ಬಾಯಿ ಎಂಥದೆಂದು ನನಗೆ ಗೊತ್ತು. ಓದಿದ್ದು ಐದನೇ ಕ್ಲಾಸು. ಸೇರಿದ ದಿನ ಗುಡಿಸುತ್ತಿದ್ದೆ, ನಿವೃತ್ತಿಯಾದ ದಿನವೂ ಗುಡಿಸಿಯೇ ಮನೆಗೆ ಬಂದೆ. ನಡುವೆ ಬಡ್ತಿ ಸಿಕ್ಕಿದ್ದು ಪೊರಕೆಗೆ ಮಾತ್ರ. ತೆಂಗಿನಕಡ್ಡಿಯದು ಹೋಗಿ ಪ್ಲಾಸ್ಟಿಕ್ ಹಿಡಿಯದು ಬಂತು.

ಮೊನ್ನೆ ನಮ್ಮೂರಿನ ಹೊಸ ಆಶಾ ಕಾರ್ಯಕರ್ತೆ ಬಂದು ಜಗಲಿ ಮೇಲೆ ಕೂತು ಕೇಳಿದಳು: "ಅಜ್ಜಿ, ಸಕ್ಕರೆ ಕಾಯ್ಲೆ ಇರೋರ್ನ ಎಷ್ಟ್ ಕರುದ್ರೂ ಆಸ್ಪತ್ರೆಗೆ ಬರಾಕಿಲ್ಲ ಅಂತಾರೆ. ನಿಮ್ ಕಾಲ್ದಲ್ಲಿ ಏನ್ ಮಾಡ್ತಿದ್ರಿ?"

ತಪ್ಪು ಮಾಡುತ್ತಿದ್ದೆವು ಎಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ. ಸಾಕಮ್ಮನ ಕಾಲಿನ ವಿಷಯ ಬರೆಯುತ್ತೇನೆ, ಓದಿಕೊಳ್ಳಲಿ.

ಈಗ ಬೆರಳಿಗೆ ಸೂಜಿ ಚುಚ್ಚಿ ಒಂದು ತೊಟ್ಟು ರಕ್ತ ಮುಟ್ಟಿಸಿದರೆ ಮಿಷನ್ನು ನಂಬರು ತೋರಿಸಿಬಿಡುತ್ತದೆ. ನಾನು ಸೇರಿದಾಗ ನೋಡುತ್ತಿದ್ದುದು ಉಚ್ಚೆಯಲ್ಲಿ. ಗಾಜಿನ ಕೊಳವೆಯಲ್ಲಿ ನೀಲಿ ಔಷಧಿ, ಅದಕ್ಕೆ ಎಂಟು ತೊಟ್ಟು ಉಚ್ಚೆ, ಸ್ಪಿರಿಟ್ ದೀಪದ ಮೇಲೆ ಹಿಡಿದು ಕಾಯಿಸುವುದು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಆಗ ಇದ್ದವರು ದೊಡ್ಡ ಮೀಸೆಯ ಡಾಕ್ಟರು. ಒಳ್ಳೆಯವರು, ಆದರೆ ಬೇಗ ಗಾಬರಿಯಾಗುವವರು. ಒಂದು ದಿನ ನಮ್ಮೂರಿನಲ್ಲೇ ಕ್ಯಾಂಪು ಮಾಡೋಣ ಎಂದರು. ಆಸ್ಪತ್ರೆಯಿಂದ ನಮ್ಮೂರು ನಾಲ್ಕು ಕಿಲೋಮೀಟರು, ಸಾವನದುರ್ಗದ ಕಡೆಗೆ. ಮನೆಮನೆಗೆ ಹೇಳುವ ಕೆಲಸ ನನ್ನದು. "ನಾಳೆ ಬೆಳಿಗ್ಗೆ ಎದ್ದೇಟ್ಗೆ ಹೊಯ್ದಿದ್ದ ಒಂದು ಬಾಟ್ಲೀಲಿ ತಕ್ಕೊಂಡ್ ಬನ್ನಿ" ಎಂದು ಸಾರಿಕೊಂಡು ಬಂದೆ. ಬಾಟ್ಲಿ ತೊಳೆದು ತನ್ನಿ ಎಂದು ಹೇಳಲಿಲ್ಲ. ಡಾಕ್ಟರು ನನಗೆ ಹೇಳಿರಲಿಲ್ಲ, ನಾನು ಊರಿಗೆ ಹೇಳಲಿಲ್ಲ.

ನಮ್ಮ ಕಡೆ ಆಗ ಮನೆಯಲ್ಲಿ ಬಾಟ್ಲಿ ಎಂದರೆ ಜೇನಿನದು. ಬೆಟ್ಟದ ಕಾಡಿನಿಂದ ಜೇನು ಇಳಿಸಿ ತಂದು ಮಾರುವವರು ಬಾಟ್ಲಿಗೆ ತುಂಬಿ ಕೊಡುತ್ತಿದ್ದರು. ಜೇನು ಮುಗಿದ ಮೇಲೆ ಬಾಟ್ಲಿ ಹಾಗೇ ಅಟ್ಟದ ಮೇಲೆ. ಉಚ್ಚೆ ಹೊಯ್ಯುವುದಕ್ಕೆ ಯಾರು ಬಾಟ್ಲಿ ತೊಳೆಯುತ್ತಾರೆ? ಮರುದಿನ ಸ್ಕೂಲಿನ ಜಗಲಿಯಲ್ಲಿ ಕೊಳವೆ ಕಾಯಿಸುತ್ತಾ ಕೂತರೆ ಮೊದಲನೆಯದು ಇಟ್ಟಿಗೆ ಬಣ್ಣ. ಎರಡನೆಯದು ಇಟ್ಟಿಗೆ ಬಣ್ಣ. ಹತ್ತನೆಯದೂ ಅದೇ. ಡಾಕ್ಟರ ಮೀಸೆ ಬೆವೆತುಹೋಯಿತು. "ನಿಂಗಮ್ಮಾ, ಈ ಊರಲ್ಲಿ ಏನು ತಿಂತೀರಿ?" ಎಂದರು. "ಮುದ್ದೆ ಸಾ" ಎಂದೆ. ಕೂತಲ್ಲೇ ಜಿಲ್ಲಾ ಕಚೇರಿಗೆ ಕಾಗದ ಬರೆದು ಟಪಾಲಿಗೆ ಕೊಟ್ಟರು, ಇಡೀ ಊರಿಗೆ ಮಧುಮೇಹ ಬಂದಿದೆ, ತುರ್ತಾಗಿ ತಂಡ ಕಳಿಸಿ ಎಂದು.

ಬಾಟ್ಲಿ ಎಸೆಯಲು ಹೋದವಳು ನಾನು. ಕಂಠದ ಸುತ್ತ ಇರುವೆ ಮುತ್ತಿದ್ದವು. ಡಾಕ್ಟರು, "ನೋಡು, ಇರುವೆ ಕೂಡ ಒಪ್ಪಿಕೊಂಡಿದೆ" ಎಂದರು. ನನಗೆ ಅನುಮಾನ. ಮೂಗಿಗೆ ಹಿಡಿದೆ.

"ಸಾ, ಇದು ಕಾಯ್ಲೆ ಅಲ್ಲ. ಜೇನು."

ಡಾಕ್ಟರು ಸ್ಕೂಟರ್ ಹತ್ತಿ ಟಪಾಲಿನವನ ಬೆನ್ನು ಹತ್ತಿದರು. ಕಾಗದ ವಾಪಸು ಸಿಕ್ಕಿದ್ದು ಎರಡು ಊರು ದಾಟಿದ ಮೇಲೆ.

ಮರುದಿನ ನಾನೇ ತೊಳೆದ ಸ್ಟೀಲ್ ಲೋಟ ಕೊಟ್ಟು ಮತ್ತೆ ನೋಡಿದೆವು. ಊರೆಲ್ಲ ನೀಲಿ. ಎರಡು ಮಾತ್ರ ಬಣ್ಣ ತಿರುಗಿದವು. ಒಂದು ಬಹಳ ವಯಸ್ಸಾದ ಮುದುಕರದು. ಇನ್ನೊಂದು ಚಿಕ್ಕಣ್ಣನ ಹೆಂಡತಿ ಸಾಕಮ್ಮನದು. ನನಗಿಂತ ಮೂರು ನಾಲ್ಕು ವರ್ಷ ಚಿಕ್ಕವಳು, ರೇಷ್ಮೆ ಹುಳು ಸಾಕುವ ಮನೆ, ಗಟ್ಟಿ ಆಳು. ವಿಷಯ ಹೇಳಿದಾಗ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ನೆನ್ನೆ ಊರಿಗೆಲ್ಲ ಐತೆ ಅಂದ್ರಿ. ಇವತ್ತು ನನಗೊಬ್ಳಿಗೇ ಐತೆ ಅಂತೀರಿ. ನಾಳೀಕೆ ಯಾರ್ಗೂ ಇಲ್ಲ ಅಂತೀರಿ. ನಾನು ನಾಳೀಕೇ ಬತ್ತೀನಿ ಬುಡಿ."

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ನಾಳೆ ಬರಲು ಹತ್ತು ಹನ್ನೆರಡು ವರ್ಷ ಹಿಡಿಯಿತು.

ಅಷ್ಟರಲ್ಲಿ ಮೀಸೆಯ ಡಾಕ್ಟರು ವರ್ಗವಾಗಿ ಹೋದರು. ನಾಲ್ಕಾರು ಜನ ಬಂದರು, ಹೋದರು. ಕೊನೆಗೆ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಒಬ್ಬ ಚಿಕ್ಕ ಪ್ರಾಯದ ಡಾಕ್ಟರಮ್ಮ ಬಂದರು. ಬೆರಳು ಚುಚ್ಚುವ ಮಿಷನ್ನೂ ಬಂತು. ಸಾಕಮ್ಮ ಮಾತ್ರ ಬರಲಿಲ್ಲ. ನಡುವೆ ಒಂದು ಸಲ ಸುಸ್ತಾಗಿ ಮಲಗಿ ಪೇಟೆಯ ಪ್ರೈವೇಟ್ ಆಸ್ಪತ್ರೆಗೆ ಹೋಗಿದ್ದಳು. ಅಲ್ಲಿಯೂ ಸಕ್ಕರೆ ಎಂದೇ ಹೇಳಿದ್ದರು. ಬರೆದುಕೊಟ್ಟ ಮಾತ್ರೆ ಒಂದು ತಿಂಗಳು ನುಂಗಿ, ಮುಗಿದ ಮೇಲೆ ಬಿಟ್ಟಳು. ಅವರ ಮನೆಯಲ್ಲಿ ಯಾವ ವಿಮೆಯ ಕಾರ್ಡೂ ಇರಲಿಲ್ಲ. ಇದ್ದವರಿಗೂ ಆ ಕಾರ್ಡು ಆಪರೇಷನ್ನಿಗೆ ನಡೆಯುತ್ತಿತ್ತೇ ಹೊರತು ದಿನಾ ನುಂಗುವ ಮಾತ್ರೆಗೆ ನಡೆಯುತ್ತಿರಲಿಲ್ಲ. ಕಾಲು ಕತ್ತರಿಸಲು ಆಗುತ್ತದೆ, ಉಳಿಸಿಕೊಳ್ಳಲು ಆಗುವುದಿಲ್ಲ. ಇದನ್ನು ಮಾಡಿದವರು ಬಹಳ ಓದಿದವರೇ ಇರಬೇಕು.

ನಮ್ಮಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತಿತ್ತಲ್ಲ ಎನ್ನುತ್ತೀರಿ. ಸಿಗುತ್ತಿತ್ತು, ಮಂಗಳವಾರ. ಬೆಳಿಗ್ಗೆ ಹತ್ತಕ್ಕೆ ಬರಬೇಕು, ಚೀಟಿ ಮಾಡಿಸಬೇಕು, ಡಾಕ್ಟರಿಗೆ ಕಾಯಬೇಕು, ಆಮೇಲೆ ಫಾರ್ಮಸಿಸ್ಟ್ ರುದ್ರಪ್ಪನವರ ಕಿಟಕಿಯ ಮುಂದೆ ನಿಲ್ಲಬೇಕು. ಅವರು ಹದಿನೈದು ದಿನದ ಮಾತ್ರೆಯನ್ನು ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಕೊಡುತ್ತಿದ್ದರು. ಹದಿನೈದು ದಿನಕ್ಕೆ ಮತ್ತೆ ಅದೇ ಮೆರವಣಿಗೆ.

ಸಾಕಮ್ಮ ಹೇಗೆ ಬರುತ್ತಾಳೆ? ಹುಳು ಕೊನೆಯ ಹಂತಕ್ಕೆ ಬಂದರೆ ಹೊತ್ತುಹೊತ್ತಿಗೂ ಸೊಪ್ಪು ಬೇಕು. ಸೊಪ್ಪು ಕೊಯ್ದು ತರುವುದು, ಹಾಕುವುದು, ಕಸ ತೆಗೆಯುವುದು, ಮತ್ತೆ ಸೊಪ್ಪು. ಹುಳು ಮಂಗಳವಾರ ಎಂದು ಉಪವಾಸ ಇರುವುದಿಲ್ಲ. ಹುಳುವಿಗೆ ರೋಗ ತಗುಲುತ್ತದೆಂದು ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಒಳಗಿರುವವರು ಹೊರಗೆ ಅಲೆಯುವುದಿಲ್ಲ. ಬರಿಗಾಲಲ್ಲಿ ಹೋಗಬೇಕು, ಬಾಗಿಲಲ್ಲಿ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ತುಳಿದೇ ಒಳಗೆ ಹೋಗಬೇಕು. ಹುಳುವಿನ ಆರೋಗ್ಯಕ್ಕೆ ಇಷ್ಟು ಕಾನೂನು. ಸಾಕುವವಳ ಆರೋಗ್ಯಕ್ಕೆ ಒಂದೂ ಇಲ್ಲ.

ನನ್ನದೊಂದು ಹಸು ಇತ್ತು. ಬೆಳಿಗ್ಗೆ ಆರಕ್ಕೆ ಊರ ಡೈರಿಗೆ ಹಾಲು ಹಾಕಿ, ಆಮೇಲೆ ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತಿದ್ದೆ. ಒಂದು ದಿನ ಸಾಲಿನಲ್ಲಿ ನನ್ನ ಮುಂದೆ ಸಾಕಮ್ಮ ಕ್ಯಾನು ಹಿಡಿದು ನಿಂತಿದ್ದಳು. ಒಂದು ಕಾಲೆತ್ತಿ ಇನ್ನೊಂದು ಕಾಲಿಗೆ ಉಜ್ಜಿಕೊಂಡಳು. ಅಂಗಾಲು ಕಂಡಿತು. ಹಿಪ್ಪುನೇರಳೆ ಕಡ್ಡಿಯ ಕೂಳೆ, ಕಿರುಬೆರಳುದ್ದದ್ದು, ಅಂಗಾಲಿನಲ್ಲಿ ನೆಟ್ಟುಕೊಂಡಿತ್ತು.

"ಲೇ ಸಾಕಿ, ಕಾಲಲ್ಲಿ ಕಡ್ಡಿ ಐತಲ್ಲೇ!"

"ಎಲ್ಲಿ?" ಎಂದು ಬಗ್ಗಿ ನೋಡಿದಳು. ಕಿತ್ತಳು. ಎಸೆದಳು. ಕ್ಯಾನು ಮುಂದೆ ಜರುಗಿಸಿದಳು.

"ನೋವಾಗ್ಲಿಲ್ವಾ?"

"ಇಲ್ಲ ಕನಕ್ಕ. ಈಚೀಚೆಗೆ ನಂಗೆ ಏನ್ ಚುಚ್ಚುದ್ರೂ ನೋವಾಗಾಕಿಲ್ಲ. ಗಟ್ಟಿ ಆಗ್ಬುಟ್ಟಿವ್ನಿ."

ಅವಳಿಗೆ ಹೆಮ್ಮೆ. ನನಗೆ ಹೆದರಿಕೆ. ನೋವಾಗದ ಕಾಲುಗಳು ಕೊನೆಗೆ ಎಲ್ಲಿಗೆ ಹೋಗುತ್ತವೆಂದು ಆಸ್ಪತ್ರೆಯ ಬಕೆಟ್ಟು ತೊಳೆದವಳಿಗೆ ಗೊತ್ತಿರುತ್ತದೆ.

ರುದ್ರಪ್ಪನವರನ್ನು ಕೇಳಿದೆ, ಅವಳ ಮಾತ್ರೆ ನನ್ನ ಕೈಗೆ ಕೊಡಿ ಎಂದು. "ರೂಲ್ಸ್ ಅಂದ್ರೆ ರೂಲ್ಸ್ ನಿಂಗಮ್ಮ. ಪೇಷಂಟು ಬರಬೇಕು, ಡಾಕ್ಟ್ರು ನೋಡಬೇಕು, ಚೀಟಿ ಬರೀಬೇಕು" ಎಂದರು. ಸರಿ. ಪೇಷಂಟು ಡಾಕ್ಟರ ಹತ್ತಿರ ಬರುವುದಿಲ್ಲ. ಡಾಕ್ಟರನ್ನೇ ಪೇಷಂಟಿನ ಹತ್ತಿರ ಕರೆದುಕೊಂಡು ಹೋಗಬೇಕು. ಡಾಕ್ಟರಮ್ಮನಿಗೆ ಕ್ಯಾಂಪು ಎಂದರೆ ಮೇಲಿನವರ ಅನುಮತಿ ಬೇಕು. ಹಾಲಿಗೆ ಯಾರ ಅನುಮತಿಯೂ ಬೇಡ.

ಡಾಕ್ಟರಮ್ಮ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದರು. ಪ್ಯಾಕೆಟ್ ಹಾಲು ಒಡೆದು ದಿನಾ ಕಾಫಿ ಕೆಡುತ್ತಿತ್ತು, ಕಾಫಿ ಕೆಟ್ಟ ದಿನ ನಮ್ಮೆಲ್ಲರ ದಿನವೂ ಕೆಡುತ್ತಿತ್ತು.

"ಮೇಡಂ, ನಮ್ಮೂರ್ ಡೈರಿಗೆ ಬೆಳಿಗ್ಗೆ ಆರಕ್ಕೆ ಬನ್ನಿ. ಕೆಚ್ಚಲಿಂದ ಇಳುದಿದ್ದು ಇನ್ನೂ ಬೆಚ್ಚಗಿರ್ತದೆ."

"ನೀವೇ ತಂದುಕೊಡಿ ನಿಂಗಮ್ಮ, ಹೇಗೂ ಬರ್ತೀರಲ್ಲ."

"ನಾನ್ ತರೋಷ್ಟ್ರಲ್ಲಿ ಕೆಟ್ಟೋಯ್ತದೆ ಮೇಡಂ."

ನಾಲ್ಕು ಕಿಲೋಮೀಟರಿಗೆ ಹಾಲು ಕೆಡುವುದಿಲ್ಲ. ಪಟ್ಟಣದಲ್ಲಿ ಬೆಳೆದವರು, ನಂಬಿದರು.

ಮರುದಿನ ಸ್ಕೂಟಿಯಲ್ಲಿ ಒಂದು ಪುಟ್ಟ ಸ್ಟೀಲ್ ಡಬ್ಬಿ ಹಿಡಿದು ಬಂದರು. ನಾನು ಹಿಂದಿನ ದಿನವೇ ಮನೆಮನೆಗೆ ಹೇಳಿಬಂದಿದ್ದೆ, ಸಕ್ಕರೆ, ಬಿಪಿ ಇದ್ದವರು ಯಾರೂ ನಾಳೆ ಹಾಲನ್ನು ಮಕ್ಕಳ ಕೈಲಿ ಕಳಿಸಬೇಡಿ, ನೀವೇ ಬನ್ನಿ ಎಂದು. ಡಾಕ್ಟರಮ್ಮ ಬಂದವರೇ ಸಾಲಿನಲ್ಲಿ ನಿಂತರು. ಅವರ ಮುಂದೆ ಸಾಕಮ್ಮ. "ಒಸಿ ಕಾಲೆತ್ತೇ" ಎಂದೆ. ಏನೋ ಅಂಟಿದೆ ಎಂದುಕೊಂಡು ಎತ್ತಿದಳು.

ಡಾಕ್ಟರಮ್ಮ ಡಬ್ಬಿಯನ್ನು ಕೆಳಗಿಟ್ಟು ಅಲ್ಲೇ ಮಣ್ಣಲ್ಲಿ ಕುಕ್ಕರುಗಾಲಲ್ಲಿ ಕೂತರು. ಸ್ಕೂಟಿ ಕೀಲಿಯ ತುದಿಯಿಂದ ಅಂಗಾಲನ್ನು ಮುಟ್ಟಿದರು. "ಗೊತ್ತಾಗ್ತಿದೆಯಾ?"

"ಏನು?"

ಇನ್ನೊಂದು ಕಡೆ ಮುಟ್ಟಿದರು. "ಈಗ?"

"ಏನವ್ವ ಗೊತ್ತಾಗ್ಬೇಕು? ನೀನ್ ಏನಾರ ಮಾಡ್ತಿದ್ದೀಯಾ?"

ಡಾಕ್ಟರಮ್ಮ ತಲೆಯೆತ್ತಿ ಸಾಲನ್ನು ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು. "ಕೆಡ್ತಾ ಇದ್ದದ್ದು ಹಾಲಲ್ಲ ಅಲ್ವಾ ನಿಂಗಮ್ಮ?" ಎಂದರು. ಸಿಟ್ಟು ಬಂದಿತ್ತು. ಆದರೂ ಎದ್ದು ಹೋಗಲಿಲ್ಲ. ಅವತ್ತಿನಿಂದ ಅವರ ಮೇಲೆ ನನಗೆ ಒಂದು ಮರ್ಯಾದೆ.

ಹದಿನೈದು ದಿನಕ್ಕೊಂದು ಸಲ ಡೈರಿಯಲ್ಲೇ ನೋಡುವುದೆಂದು ತೀರ್ಮಾನವಾಯಿತು. ರುದ್ರಪ್ಪನವರು ಮಾತ್ರೆ ಆಸ್ಪತ್ರೆ ಬಿಟ್ಟು ಹೊರಗೆ ಹೋಗಕೂಡದು ಎಂದರು. ಡಾಕ್ಟರಮ್ಮ, "ಪೇಷಂಟ್ ಇರ್ತಾರೆ, ನಾನು ನೋಡಿರ್ತೀನಿ, ಚೀಟಿ ಬರೆದಿರ್ತೀನಿ. ಗೋಡೆ ಇರಬೇಕು ಅಂತ ರೂಲ್ಸಲ್ಲಿ ಎಲ್ಲಿದೆ ತೋರ್ಸಿ" ಎಂದರು. ರುದ್ರಪ್ಪನವರು ಮೂರು ದಿನ ಹುಡುಕಿದರು. ಗೋಡೆ ಸಿಗಲಿಲ್ಲ. ಮಾತ್ರೆಯ ಚೀಲವನ್ನು ನನ್ನ ಕೈಗೆ ಕೊಟ್ಟರು.

ಇದರಲ್ಲೊಂದು ಒಳ್ಳೆಯದಿತ್ತು, ನಾವು ಯೋಚಿಸದೆಯೇ ಬಂದದ್ದು. ಸಕ್ಕರೆಯನ್ನು ಖಾಲಿ ಹೊಟ್ಟೆಯಲ್ಲಿ ನೋಡಬೇಕು. ಆಸ್ಪತ್ರೆಗೆ ಹತ್ತು ಗಂಟೆಗೆ ಉಪವಾಸ ಬಂದವರು ತಲೆ ತಿರುಗಿ ಬೀಳುತ್ತಿದ್ದರು, ಬೀಳದವರು ತಿಂಡಿ ತಿಂದು ಬಂದು ಇಲ್ಲ ಎನ್ನುತ್ತಿದ್ದರು. ಡೈರಿಗೆ ಆರು ಗಂಟೆಗೆ ಯಾರೂ ತಿಂದು ಬರುವುದಿಲ್ಲ. ಒಂದು ಕಡೆ ಡೈರಿ ಸೆಕ್ರೆಟರಿ ಕೃಷ್ಣೇಗೌಡರು ಹಾಲಿನ ಡಿಗ್ರಿ ನೋಡುವುದು, ಇನ್ನೊಂದು ಕಡೆ ಡಾಕ್ಟರಮ್ಮ ಬೆರಳು ಚುಚ್ಚುವುದು.

"ಇದೇನ್ ಗೌಡ್ರೆ, ಹಾಲಲ್ಲಿ ನೀರು, ರಕ್ತದಲ್ಲಿ ಸಕ್ಕರೆ, ಎರಡ್ನೂ ಒಂದೇ ಕಡೆ ಹಿಡೀತೀರಿ!" ಎಂದು ಒಬ್ಬ ಗೊಣಗಿದ.

"ನಿಂದು ಎರಡ್ರಲ್ಲೂ ಜಾಸ್ತೀನೇ ಕಣ್ಲಾ. ಮುಂದಕ್ ನಡಿ" ಎಂದರು ಗೌಡರು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ರಿಜಿಸ್ಟರು ಬರೆಯುವವರು ಯಾರೂ ಇರಲಿಲ್ಲ, ನನ್ನ ಕೈಗೆ ಬಂತು. ಹೆಸರು ಬರೆಯುವುದೆಂದರೆ ನನಗೆ ಆಮೆ ನಡಿಗೆ. ಅರ್ಧ ಗಂಟೆಯಲ್ಲಿ ಸಾಲು ಮುಗಿಯಬೇಕು, ಹಾಲಿನ ಲಾರಿ ಕಾಯುವುದಿಲ್ಲ. ನಾನೊಂದು ಬುದ್ಧಿವಂತಿಕೆ ಮಾಡಿದೆ. ಡೈರಿಯಲ್ಲಿ ಒಂದೊಂದು ಮನೆಗೂ ಒಂದು ಸದಸ್ಯ ನಂಬರು ಇದ್ದೇ ಇರುತ್ತದಲ್ಲ, ಅದನ್ನೇ ಬರೆದರಾಯಿತು. ಅಂಕಿ ಬರೆಯುವುದು ನನಗೆ ಸಲೀಸು. ಸಾಕಮ್ಮ ನಲವತ್ಮೂರು. ಡಾಕ್ಟರಮ್ಮನೂ ಭೇಷ್ ಎಂದರು.

ಡೈರಿಯ ನಂಬರು ಮನುಷ್ಯರದಲ್ಲ, ಮನೆಯದು. ಅದಿರುವುದು ಗಂಡನ ಹೆಸರಲ್ಲೋ ಅತ್ತೆಯ ಹೆಸರಲ್ಲೋ. ಹಾಲು ತರುವವರು ಇವತ್ತು ಹೆಂಡತಿ, ನಾಳೆ ಗಂಡ. ದಿನಾ ಹಾಲು ಹಾಕುವ ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ.

ಎರಡು ಸಲ ಸಾಕಮ್ಮ ತಾನೇ ಬಂದಳು, ಮಾತ್ರೆ ತೆಗೆದುಕೊಂಡಳು, ಸಕ್ಕರೆ ಇಳಿಯುತ್ತಿತ್ತು. ಮೂರನೆಯ ಸಲಕ್ಕೆ ಅವರ ಮನೆಯಲ್ಲಿ ಹುಳು ದೊಡ್ಡದಾಗುವ ಹೊತ್ತು, ಸಾಕಮ್ಮನಿಗೆ ಸೊಪ್ಪು ಹಾಕುವುದರಲ್ಲೇ ಬಿಡುವಿಲ್ಲ. ಹಾಲು ತಂದವನು ಚಿಕ್ಕಣ್ಣ. ನಾನು ಯಾರದೋ ಕಾಲಿಗೆ ಬಟ್ಟೆ ಕಟ್ಟುತ್ತಾ ತಲೆ ಬಗ್ಗಿಸಿ ಕೂತಿದ್ದೆ. ಎಲ್ಲರೂ ಬೆರಳು ಚಾಚುವುದು ನೋಡಿ ಅವನೂ ಚಾಚಿದ. ಡಾಕ್ಟರಮ್ಮ ಚುಚ್ಚಿದರು. "ನಲವತ್ಮೂರು" ಎಂದ ಅವನು. "ತೊಂಬತ್ತೆರಡು" ಎಂದರು ಅವರು. ನಾನು ಹಾಗೇ ಕೈ ಚಾಚಿ ನಲವತ್ಮೂರರ ಮುಂದೆ ತೊಂಬತ್ತೆರಡು ಬರೆದೆ. ಸಾಕಿಗೆ ಎಷ್ಟು ಇಳಿದುಬಿಟ್ಟಿತು ಎಂದು ಮನಸ್ಸಿನಲ್ಲೇ ಬೀಗಿದೆ. ಮಾತ್ರೆಯ ಪೊಟ್ಟಣ ಕೊಡುವಾಗ ಚಿಕ್ಕಣ್ಣನ ಮುಖ ಕಂಡಿತು. ಹೆಂಡತಿಯ ಮಾತ್ರೆ ಒಯ್ಯಲು ಬಂದಿದ್ದಾನೆ ಎಂದುಕೊಂಡೆ, ಚುಚ್ಚಿದ ಬೆರಳು ಯಾರದೆಂದು ಆಗಲೂ ಯೋಚಿಸಲಿಲ್ಲ. "ಬೆಳಿಗ್ಗೆ ಒಂದು, ಸಂಜೆ ಒಂದು, ಊಟಕ್ಕೆ ಮುಂಚೆ" ಎಂದೆ. ಅವನು ಮಂಕಾಗಿ ತಲೆಯಾಡಿಸಿದ.

ಹದಿನೈದು ದಿನ ಬಿಟ್ಟು ರೇಷ್ಮೆಗೂಡು ಬಿಡಿಸುವ ಕಾಲ, ಮತ್ತೆ ಅವನೇ ಬಂದ. ಈ ಸಲ ಎಪ್ಪತ್ತೊಂದು, ಅದನ್ನೂ ತಲೆಯೆತ್ತದೆ ಬರೆದೆ. "ನಲವತ್ಮೂರು ಯಾರು?" ಎಂದು ಡಾಕ್ಟರಮ್ಮ ರಿಜಿಸ್ಟರು ನೋಡಿ ಕೇಳಿದರು. "ಸಾಕಮ್ಮ ಮೇಡಂ." "ತುಂಬಾ ಚೆನ್ನಾಗಿ ಪಥ್ಯ ಮಾಡ್ತಿದ್ದಾರೆ. ಇನ್ನು ಮಾತ್ರೆ ಅರ್ಧ ಮಾಡೋಣ" ಎಂದರು.

ಮೂರು ದಿನಕ್ಕೆ ಚಿಕ್ಕಣ್ಣ ಅಂಗಳದಲ್ಲಿ ಗೂಡು ಬಿಡಿಸುತ್ತಾ ಕೂತವನು ಬೆವೆತು, ನಡುಗಿ, ಪಕ್ಕಕ್ಕೆ ಉರುಳಿದ. ಅವತ್ತು ರಾಮನಗರದ ಮಾರ್ಕೆಟ್ಟಿಗೆ ಗೂಡು ಹೊರಡಬೇಕು ಎಂಬ ಅವಸರದಲ್ಲಿ ಮುದ್ದೆ ಉಂಡಿರಲಿಲ್ಲ. ಭಾನುವಾರ, ನಾನು ಊರಲ್ಲೇ ಇದ್ದೆ. ಫೋನು ಮಾಡಿಸಿದೆ, ಡಾಕ್ಟರಮ್ಮ ಸ್ಕೂಟಿಯಲ್ಲಿ ಹಾರಿಬಂದರು. ಬೆರಳು ಚುಚ್ಚಿ ನೋಡಿದವರೇ, "ಸಕ್ಕರೆ ತೀರಾ ಇಳಿದುಬಿಟ್ಟಿದೆ. ಸಕ್ಕರೆ ನೀರು ತನ್ನಿ, ಬೇಗ!" ಎಂದರು. ಎರಡು ಲೋಟ ಕುಡಿಸಿದ ಮೇಲೆ ಕಣ್ಣು ಬಿಟ್ಟ.

"ಯಾವ ಮಾತ್ರೆ ತಗೊಂಡ್ರಿ?"

ಚಿಕ್ಕಣ್ಣ ಮನೆಯ ಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ. "ನೀವ್ ಕೊಟ್ಟಿದ್ದೇ ಮೇಡಂ. ನಂಗೂ ಸಕ್ಕರೆ ಕಾಯ್ಲೆ ಐತಲ್ಲ. ಇವ್ಳಿಗೆ ಗೊತ್ತಾದ್ರೆ ಎದೆ ಒಡ್ಕತ್ತಾಳೆ ಅಂತ ಹೇಳಿರ್ನಿಲ್ಲ. ಕದ್ದು ನುಂಗ್ತಾ ಇದ್ದೆ."

"ಮಾತ್ರೆ ಬಂದಿದ್ವಾ?" ಎಂದು ಒಳಗಿನಿಂದ ಕೂಗಿದವಳು ಸಾಕಮ್ಮ. "ಈ ಸಲ ಬರ್ನಿಲ್ಲ ಅಂತ ನಾನು ಸುಮ್ಕಿದ್ದೆ! ನನ್ ಮಾತ್ರೆ ನೀನ್ ತಿಂದ್ಯಾ? ಒಬ್ಬಟ್ಟು ಕದ್ದು ತಿಂದಿದ್ರೂ ಬುಡ್ತಿದ್ದೆ ಕಣಯ್ಯ!"

ನನಗೆ ನಗು ಬಂದದ್ದು ನಿಜ. ಆ ನಗು ಬಾಯಲ್ಲೇ ಇರುವಾಗ ಸಾಕಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಬಲಗಾಲಿಗೆ ಹಳೆಯ ಸೀರೆಯ ತುಂಡು ಸುತ್ತಿತ್ತು. ವಾಸನೆ ಮೊದಲು ಬಂತು, ಕಾಲು ಆಮೇಲೆ ಕಂಡಿತು. ಕಡ್ಡಿ ಚುಚ್ಚಿದ್ದ ಜಾಗವನ್ನು ಬ್ಲೀಚಿಂಗ್ ಪುಡಿ ತಿಂಗಳಿಡೀ ತಿಂದಿತ್ತು. ಎರಡು ಬೆರಳು ಕಪ್ಪಾಗಿದ್ದವು. ಅವಳಿಗೆ ನೋವೇ ಇರಲಿಲ್ಲ.

ತಪ್ಪು ಯಾರದೆಂದು ಯಾರೂ ಕೇಳಲಿಲ್ಲ. ನಾನೇ ಹೇಳಿದೆ. "ನಂಬರ್ ಬರ್ದವ್ಳು ನಾನು ಮೇಡಂ. ಇವ್ನ್ ಬೆರಳ್ನ ಇವಳ ಲೆಕ್ಕಕ್ ಹಾಕ್ಬುಟ್ಟೆ." ಡಾಕ್ಟರಮ್ಮ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಬೆರಳು ಹಿಡಿದವಳು ನಾನು. ಮುಖ ನೋಡಲಿಲ್ಲ" ಎಂದರು. ಸಾಕಮ್ಮನ ಕಾಲನ್ನು ಮುಂದೆಳೆದುಕೊಂಡು, "ಇನ್ಮೇಲೆ ಹೆಸರು ಬರೀರಿ" ಎಂದರು.

"ನಂಗ್ ತಡ ಆಯ್ತದೆ ಮೇಡಂ."

"ತಡ ಆಗ್ಲಿ."

ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಅವಳನ್ನು ಕರೆದುಕೊಂಡು ಹೋದೆವು. ಅಲ್ಲಿನ ಸರ್ಜನ್ನು ಕಾಲು ನೋಡಿ, ಮೊಣಕಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದರು. ಇಲ್ಲಿಗೆ ತೆಗೆಯೋಣ ಎಂದರು.

ಸಾಕಮ್ಮ ಆ ಗೆರೆಯನ್ನೇ ನೋಡಿದಳು. "ಕಾಲ್ ಇಲ್ದೆ ಸೊಪ್ಪು ಕುಯ್ಯದು ಹೆಂಗೆ ಸಾ?" ಎಂದಳು. ಅಳಲಿಲ್ಲ. ನಿಜವಾಗಿಯೂ ಉತ್ತರ ಬೇಕಾಗಿತ್ತು ಅವಳಿಗೆ.

ಕಾಲಿಗೆ ರಕ್ತದ ಓಡಾಟ ಇನ್ನೂ ಚೆನ್ನಾಗಿದೆ, ಎರಡು ಬೆರಳಷ್ಟೇ ತೆಗೆದು ಮೂರು ತಿಂಗಳು ಸಮಯ ಕೊಡಿ ಎಂದು ಡಾಕ್ಟರಮ್ಮ ವಾದ ಮಾಡಿದರು. "ದಿನಾ ಡ್ರೆಸ್ಸಿಂಗ್ ಆಗಬೇಕು, ಎರಡು ಹೊತ್ತು ಇನ್ಸುಲಿನ್ ಆಗಬೇಕು. ಹಳ್ಳೀಲಿ ಯಾರ್ರೀ ಮಾಡ್ತಾರೆ?" ಎಂದರು ಸರ್ಜನ್ನು. ಡಾಕ್ಟರಮ್ಮ ನನ್ನ ಕಡೆ ತಿರುಗಿದರು.

"ಮಾಡ್ತೀವಿ ಸಾ" ಎಂದೆ. ಕರುಣೆಯಿಂದಲ್ಲ. ಹಾಳು ಮಾಡಿದವಳು ನಾನೇ, ಸರಿ ಮಾಡುವ ಕೆಲಸ ಬೇರೆಯವರಿಗೆ ಬಿಡಲು ಮನಸ್ಸಾಗಲಿಲ್ಲ.

ಎರಡು ಬೆರಳು ಹೋದವು. ಗೆರೆ ಎಳೆದಿದ್ದ ಕಾಲು ಮನೆಗೆ ವಾಪಸು ಬಂತು, ಮೂರು ತಿಂಗಳ ವಾಯಿದೆಯ ಮೇಲೆ.

ಇನ್ಸುಲಿನ್ ತಣ್ಣಗಿರಬೇಕು. ಅವರ ಮನೆಯಲ್ಲಿ ಫ್ರಿಜ್ ಇಲ್ಲ. ಡೈರಿಯಲ್ಲಿ ದನಗಳ ಲಸಿಕೆ ಇಡುವ ಒಂದು ಸಣ್ಣ ಫ್ರಿಜ್ ಇತ್ತು. ಕೃಷ್ಣೇಗೌಡರು ಮೇಲಿನ ಒಂದು ಅರೆಯನ್ನು ಸಾಕಮ್ಮನಿಗೆ ಬಿಟ್ಟುಕೊಟ್ಟರು. ಇನ್ಸುಲಿನ್ ದಿನಕ್ಕೆರಡು ಹೊತ್ತು, ಊಟಕ್ಕೆ ಮುಂಚೆ. ಡೈರಿ ತೆಗೆಯುವುದೂ ದಿನಕ್ಕೆರಡು ಹೊತ್ತು. ಹಾಲು ಹಾಕುವುದು, ಬಟ್ಟೆ ಬಿಚ್ಚುವುದು, ತೊಳೆಯುವುದು, ಕಟ್ಟುವುದು, ಸೂಜಿ, ಮನೆಗೆ ಹೋಗಿ ಊಟ. ತೊಳೆದು ಕಟ್ಟುವುದನ್ನು ಡಾಕ್ಟರಮ್ಮ ನನಗೆ ಕೂರಿಸಿ ಕಲಿಸಿದರು. ಬಟ್ಟೆ, ಹತ್ತಿಯನ್ನು ರುದ್ರಪ್ಪನವರು ಕೇಳದೆಯೇ ಕಟ್ಟಿ ಕಳಿಸುತ್ತಿದ್ದರು. ಯಾವ ರೂಲ್ಸಿನ ಪ್ರಕಾರ ಎಂದು ಕೇಳಬೇಕೆನಿಸಿತು, ಬಾಯಿ ಮುಚ್ಚಿಕೊಂಡೆ. ಸೂಜಿ ಹಾಕಲು ಕಲಿತವನು ಚಿಕ್ಕಣ್ಣ. ಬದನೆಕಾಯಿಗೆ ಚುಚ್ಚಿ ಚುಚ್ಚಿ ಅಭ್ಯಾಸ ಮಾಡಿದ. ಒಂದು ವಾರ ಅವರ ಮನೆಯಲ್ಲಿ ತೂತಿಲ್ಲದ ಬದನೆಕಾಯಿ ಇರಲಿಲ್ಲ.

ಊರು ಸುಮ್ಮನಿರುತ್ತದೆಯೇ? ದನದ ಫ್ರಿಜ್ಜಿನಿಂದ ತೆಗೆದು ಚುಚ್ಚುತ್ತಾರೆ ಎಂದು ಸುದ್ದಿಯಾಯಿತು. ಸಾಲಿನಲ್ಲಿ ಒಬ್ಬಳು ಕೇಳಿಯೇಬಿಟ್ಟಳು: "ಸಾಕಕ್ಕ, ನಿಂಗೆ ದನಿನ್ ಇಂಜೆಕ್ಷನ್ ಕೊಡ್ತಾವ್ರಂತೆ?"

"ಹೂಂ ಕಣೇ. ಎರಡ್ ಲೀಟ್ರು ಜಾಸ್ತಿ ಕೊಡ್ತಾ ಇವ್ನಿ, ನೋಡ್ತಿಲ್ವಾ?" ಎಂದು ಸಾಕಮ್ಮ ಕ್ಯಾನು ಎತ್ತಿ ತೋರಿಸಿದಳು.

ನಾನು ಹೆಸರು ಬರೆಯಲು ಕಲಿತೆ. ನಮ್ಮ ಪಟ್ಟಿಯಲ್ಲಿ ನಾಲ್ಕು ಜನ ಲಕ್ಷ್ಮಮ್ಮಂದಿರು. ಮತ್ತೆ ಬೆರಳು ಅದಲುಬದಲಾಗಬಾರದೆಂದು ಊರಲ್ಲಿ ಕರೆಯುವ ಹಾಗೇ ಬರೆದುಕೊಂಡೆ, ಕೋಳಿ ಲಕ್ಷ್ಮಮ್ಮ, ಮಿಲ್ಲಿನ ಲಕ್ಷ್ಮಮ್ಮ, ಹೀಗೆ. ಮೇಲಿನಿಂದ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ರಿಜಿಸ್ಟರನ್ನು ಗಟ್ಟಿಯಾಗಿ ಓದಿದರು. "ಜಗಳಗಂಟಿ ಲಕ್ಷ್ಮಮ್ಮ ಯಾರು?" ಅವಳು ಸಾಲಿನಿಂದ ಎದ್ದು ಬಂದಳು. ಹೆಸರು ಸರಿಯಾಗಿಯೇ ಇದೆ ಎಂಬುದು ಅಧಿಕಾರಿಗೆ ಕಾಲು ಗಂಟೆಯಲ್ಲಿ ಮನದಟ್ಟಾಯಿತು. ಆಮೇಲೆ ಅವಳು ನನ್ನ ಕಡೆ ತಿರುಗಿದಳು, ಆ ಭಾಗ ಬರೆಯುವುದಿಲ್ಲ.

ಮೊದಲ ತಿಂಗಳು ಗಾಯ ಹಾಗೇ ಇತ್ತು. ದಿನಾ ಬಟ್ಟೆ ಬಿಚ್ಚುವಾಗ ನಾನು ಉಸಿರು ಹಿಡಿದಿರುತ್ತಿದ್ದೆ, ವಾಸನೆಗಲ್ಲ. ಎರಡನೆಯ ತಿಂಗಳ ನಡುವೆ ಒಂದು ಬೆಳಿಗ್ಗೆ ಅಂಚಿನಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ ಕಂಡಿತು, ಗೋಧಿ ಕಾಳಿನಷ್ಟು. ಡಾಕ್ಟರಮ್ಮನನ್ನು ಕೂಗಿದೆ. ಅವರು ಬಗ್ಗಿ ನೋಡಿದರು, ಹಾಲಿನ ಡಬ್ಬಿ ಮರೆತು ಹೊರಟುಹೋದರು. ಆ ದಿನವಿಡೀ ಕಾಫಿ ಇಲ್ಲದಿದ್ದರೂ ಯಾರ ಮೇಲೂ ರೇಗಲಿಲ್ಲ.

ನೀವು ಈಗ ಸೇರುವವರು. ನಿಮ್ಮ ಕೈಯಲ್ಲಿ ಫೋನಿದೆ, ಅದರಲ್ಲಿ ಇನ್ನೂ ಉದ್ದದ ನಂಬರುಗಳಿವೆ. ಬೆರಳು ಹಿಡಿದಾಗ ತಲೆಯೆತ್ತಿ ಯಾರದೆಂದು ನೋಡಿ. ರೋಗಿ ಬರುವುದಿಲ್ಲ ಎಂದು ಬರೆಯುವ ಮುಂಚೆ ಅವಳು ದಿನಾ ತಪ್ಪದೆ ಎಲ್ಲಿಗೆ ಹೋಗುತ್ತಾಳೆ ಎಂದು ತಿಳಿದುಕೊಳ್ಳಿ. ಇದಕ್ಕಿಂತ ಹೆಚ್ಚಿನ ವಿದ್ಯೆ ನನ್ನ ಹತ್ತಿರ ಇಲ್ಲ.

ಮೂರು ತಿಂಗಳಾದ ಮೇಲೆ ಸಾಕಮ್ಮನನ್ನು ಅದೇ ಸರ್ಜನ್ನಿಗೆ ತೋರಿಸಲು ನಾನೊಬ್ಬಳೇ ಕರೆದುಕೊಂಡು ಹೋದೆ. ಡಾಕ್ಟರಮ್ಮ ಕಾಲಿಗೆಂದು ಮೆತ್ತನೆಯ ಚಪ್ಪಲಿ ತರಿಸಿಕೊಟ್ಟಿದ್ದರು, ಅದನ್ನು ಬಿಚ್ಚಿ ಕೂತಳು. ಸರ್ಜನ್ನು ಕಾಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಳೆಯ ಚೀಟಿ ನೋಡಿದರು. ಮತ್ತೆ ಕಾಲು ನೋಡಿದರು.

"ಇನ್ನು ಕತ್ತರಿಸೋದೇನೂ ಇಲ್ಲ. ಯಾವ ಆಸ್ಪತ್ರೇಲಿ ಮಾಡಿಸಿದ್ರಿ ಇದನ್ನ?"

"ಹಾಲಿನ್ ಡೈರಿಲಿ ಸಾ."

"ಅಲ್ಲಮ್ಮ, ಡ್ರೆಸ್ಸಿಂಗು, ಇಂಜೆಕ್ಷನ್ನು?"

"ಅದೇ ಸಾ, ಡೈರಿಲೇ. ಬೆಳಿಗ್ಗೆ ಒಂದಪ, ಸಂಜೀಕೆ ಒಂದಪ."

ಅವರು ನನ್ನ ಮುಖ ನೋಡಿದರು. ಹೌದೆಂದು ತಲೆಯಾಡಿಸಿದೆ. ಚೀಟಿಯಲ್ಲಿ ಏನು ಬರೆದರೋ ಕಾಣೆ.

ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಮಾಗಡಿ ಬಸ್ಸು ಹೊರಟು ನಿಂತಿತ್ತು. ಸಂಜೆಯ ಹಾಲಿಗೆ ಹೊತ್ತಾಗುತ್ತದೆಂದು ಸಾಕಮ್ಮ ಸೆರಗು ಸಿಕ್ಕಿಸಿ ದಾಪುಗಾಲು ಹಾಕಿದಳು. ಓಡಬೇಡ ಕಣೇ ಎಂದು ಹಿಂದಿನಿಂದ ಕೂಗಿದೆ, ಅವಳಿಗೆ ಕೇಳಿಸಲಿಲ್ಲ. ನನ್ನ ಮಂಡಿ ಹಿಡಿದುಕೊಂಡಿತ್ತು. ನಾನು ಅರ್ಧ ದಾರಿಯಲ್ಲಿರುವಾಗಲೇ ಅವಳು ಮೆಟ್ಟಿಲು ಹತ್ತಿ ಬಾಗಿಲ ಕಂಬಿ ಹಿಡಿದು ನಿಂತಿದ್ದಳು. ಕಂಡಕ್ಟರು ಸೀಟಿ ಬಾಯಿಗಿಟ್ಟ.

"ಒಸಿ ತಡೀರಿ ಕಣಣ್ಣ" ಎಂದಳು ಸಾಕಮ್ಮ. "ಹಿಂದೆ ಒಂದು ಮುದುಕಿ ಬತ್ತಾ ಐತೆ. ಪಾಪ, ಅದ್ಕೆ ಕಾಲು ಸರಿ ಇಲ್ಲ."